ಕೆಳಗಿನಿಂದ ಕೇಳಿದ ಬಡಿತ

ಹೊರಡುವ ಮೊದಲು

ಕಡಲ ದಂಡೆಯ ಮೇಲೆ ಹುಟ್ಟಿದ ನಾನು ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿಯಲು ಅರಬರ ದೇಶಕ್ಕೆ ಹೋಗಬೇಕಾಯಿತು. ಕೇಳಿದವರೆಲ್ಲ ನಗುತ್ತಾರೆ. ನಗಲಿ. ಹೊನ್ನಾವರದ ಕರ್ಕಿಯಿಂದ ಆಚೆ, ಕಡಲಿಗೆ ತಾಗಿಕೊಂಡಿರುವ ನಮ್ಮ ಕೇರಿಯ ಯಾವ ಹೆಂಗಸನ್ನಾದರೂ ಮಾತಾಡಿಸಿ ನೋಡಿ. ಗಾಳಿ ಯಾವ ಕಡೆಯಿಂದ ಬಂದರೆ ಯಾವ ಮೀನು ಎಂದು ಹೇಳುತ್ತಾಳೆ, ಮೋಡ ನೋಡಿ ದೋಣಿ ಯಾವಾಗ ತಿರುಗಿ ಬಂದೀತು ಎಂದು ಹೇಳುತ್ತಾಳೆ. ಈಜು ಬರುತ್ತದೆಯೇ ಎಂದು ಕೇಳಿದರೆ ಮಾತ್ರ ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಾಳೆ.

ಮೀನಿಗೆ ಹೋಗುವ ದೋಣಿಯನ್ನು ನಮ್ಮಲ್ಲಿ ಹೆಂಗಸರು ಹತ್ತುವುದಿಲ್ಲ. ಅಪ್ಪನ ದೋಣಿಯನ್ನು ನಾನು ದಂಡೆಯ ಮೇಲೆ ತೊಳೆದಿದ್ದೇನೆ. ಪೂಜೆಯ ದಿನ ಅದರ ಮೂತಿಗೆ ಹೂವಿನ ಸರ ಕಟ್ಟಿದ್ದೇನೆ. ಅದು ತಂದ ಬಂಗಡೆಯನ್ನು ಆರಿಸಿ ಅಮ್ಮನ ಬುಟ್ಟಿಗೆ ತುಂಬಿಸಿ, ಕೈಗೆ ಹುಣಸೆಹಣ್ಣು ತಿಕ್ಕಿ ತೊಳೆದುಕೊಂಡು, ಭಟ್ಕಳದ ಕಾಲೇಜಿಗೆ ಬಸ್ಸು ಹಿಡಿದಿದ್ದೇನೆ. ಆದರೆ ದೋಣಿಯೊಳಗೆ ಕಾಲಿಟ್ಟಿಲ್ಲ. "ನೀ ನೀರು ನೋಡೂದು ಬೇಡ ತಂಗಿ, ಪುಸ್ತಕ ನೋಡು" ಎನ್ನುತ್ತಿದ್ದ ಅಪ್ಪ. ನಮ್ಮ ಕಡೆ ಮಗಳನ್ನು ತಂಗಿ ಎಂದೇ ಕರೆಯುವುದು. ನಾನು ಪುಸ್ತಕವನ್ನೇ ನೋಡಿದೆ. ನಮ್ಮ ಕೇರಿಯಲ್ಲಿ ಪದವಿ ಪಡೆದವರಲ್ಲಿ ನಾನು ಮೊದಲು. ಹುಡುಗಿಯರಲ್ಲಿ ಮೊದಲು ಎಂದಲ್ಲ, ಎಲ್ಲರಲ್ಲಿ ಮೊದಲು. ಹಾಗೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಯಾಕೆಂದರೆ ಅದು ಸುಮ್ಮನೆ ಸಿಕ್ಕಿದ್ದಲ್ಲ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಹೋಗುವವರಿದ್ದರು. ಹುಣಸೆಹಣ್ಣಿಗೂ ಒಂದು ಮಿತಿಯಿದೆ.

ಈಗ ಕುಮಟೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಡಾಲ್ಫಿನ್ ಮೀನಲ್ಲ, ಸಸ್ತನಿ. ಮರಿಗೆ ಹಾಲು ಕೊಡುತ್ತದೆ. ಶಬ್ದ ಮಾಡಿ, ಅದರ ಮರುಧ್ವನಿಯಿಂದ ದಾರಿ ಕಾಣುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ನಾನು ನೋಡಿದ್ದಾದರೂ ಎಷ್ಟು? ದಂಡೆಯಿಂದ ದೂರದಲ್ಲಿ ಎದ್ದು ಮುಳುಗುವ ಬೆನ್ನು. ಒಮ್ಮೆ, ಮರಳಿನ ಮೇಲೆ ಸತ್ತು ಬಿದ್ದದ್ದು. ಬದುಕಿದ್ದನ್ನು, ಅದರದೇ ನೀರಿನಲ್ಲಿ, ಎದುರಿಗೆ ನೋಡಬೇಕೆಂಬ ಆಸೆ ಮಾತ್ರ ಪಾಠ ಮಾಡಿದಷ್ಟು ಸಲವೂ ಬೆಳೆಯುತ್ತ ಹೋಯಿತು.

ಅಪ್ಪನ ಬಾಯಲ್ಲಿ ಅದು ಡಾಲ್ಫಿನ್ ಅಲ್ಲ, ಕಡಲಹಂದಿ. ಬಲೆ ಹರಿಯುವುದು, ಬಲೆಗೆ ಬಿದ್ದ ಬಂಗಡೆಯನ್ನು ಕಿತ್ತು ತಿನ್ನುವುದು ಅದರ ಕಸುಬು ಎಂದು ಅವನ ದೂರು. ಬಲೆಗೆ ಸಿಕ್ಕಿಬಿದ್ದರೆ ಕೊಲ್ಲುವುದಿಲ್ಲ. ಅದರ ವಂಶವನ್ನೆಲ್ಲ ಬೈಯುತ್ತ ಬಿಡಿಸಿ ಕಳಿಸುತ್ತಾರೆ. ಬಲೆಯ ಹತ್ತಿರ ಬರುವುದು ಕಂಡರೆ ದೋಣಿಯ ಹಲಗೆಯನ್ನು ಕೋಲಿನಿಂದ ಬಡಿಯುತ್ತಾರೆ. ಚುರುಕಾಗಿ ಎರಡು, ತಡೆದು ಒಂದು. ಗಾಳಿಯಿಲ್ಲದ ಬೆಳಗಿನಲ್ಲಿ ಆ ಬಡಿತ ನೀರಿನ ಮೇಲೆ ಹಾಯ್ದು ನಮ್ಮ ಅಡುಗೆಮನೆಯವರೆಗೂ ಬರುತ್ತಿತ್ತು. "ಹೋತು ಇವತ್ತಿನ ಬಂಗಡೆ" ಎಂದು ಅಮ್ಮ ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು.

ಕಾಲೇಜಿನಲ್ಲೂ ಖಾಲಿಯೇ ಇರುತ್ತಿದ್ದ ನನ್ನ ಪಕ್ಕದ ಜಾಗದಲ್ಲಿ ಬಂದು ಕೂತವಳು ಭಟ್ಕಳದ ಸಫಿಯಾ. ಮನೆಯಲ್ಲಿ ನವಾಯತಿ ಭಾಷೆ ಆಡುವ ಅವಳಿಗೆ ನನ್ನಿಂದ ಕನ್ನಡದ ಬೈಗುಳ, ನನಗೆ ಅವಳಿಂದ ಬಿರಿಯಾನಿ. ಮದುವೆಯಾದ ಮೇಲೆ ಅವಳು ಕೊಲ್ಲಿಯ ರಾಸ್ ಅಲ್ ಖೈಮಾದಲ್ಲಿದ್ದಾಳೆ. ಬಾ ಬಾ ಎಂದು ಎಷ್ಟೋ ವರ್ಷದಿಂದ ಕರೆಯುತ್ತಿದ್ದವಳು ಈ ಸಲ ಒಂದು ವಿಡಿಯೊ ಕಳಿಸಿದಳು. ಗಡಿಯಾಚೆ ಒಮಾನಿನ ಖಸಬ್ ಎಂಬ ಊರಿನ ಕಡಲು. ಮುಖ ನೀರಿನಲ್ಲಿ ಮುಳುಗಿಸಿ, ಬಾಯಲ್ಲಿ ಉಸಿರಿನ ಕೊಳವೆ ಕಚ್ಚಿಕೊಂಡು ತೇಲುವ ಜನ. ಅವರ ಪಕ್ಕದಲ್ಲೇ ಡಾಲ್ಫಿನ್‌ಗಳು. ದಸರಾ ರಜೆಗೆ ಹೋಗುವವಳೇ, ನೀರಿಗೆ ಇಳಿಯುವವಳೇ ಎಂದು ಮನೆಯಲ್ಲಿ ಹೇಳಿಬಿಟ್ಟೆ.

ಬಲೆ ಹೆಣೆಯುತ್ತಿದ್ದ ಅಪ್ಪ ತಲೆ ಎತ್ತಲಿಲ್ಲ.

"ಯಾರು ಇಳಿಸ್ತ್ರು ನಿನ್ನ?"

"ನಾನೇ ಇಳೀತೆ."

"ಈಜು ಬತ್ತದಾ?"

"ಜಾಕೆಟ್ ಕೊಡ್ತ್ರು ಅಪ್ಪ. ತೇಲ್ತದೆ."

"ಜಾಕೆಟ್ ತೇಲ್ತದೆ. ನೀನು?"

"ಅಷ್ಟು ಚಿಂತೆ ಇದ್ರೆ ನೀವೂ ಹೋಗಿ ಕಾವಲು ಕೂತ್ಕಳಿ" ಎಂದಳು ಅಮ್ಮ ಒಳಗಿನಿಂದ. ಅವಳು ಚೇಷ್ಟೆಗೆ ಹೇಳಿದ್ದು. ಅಪ್ಪ ನಿಜಕ್ಕೂ ಹೊರಟ. ಬಂಗಡೆ ಬೀಳುವ ದಿನಗಳಲ್ಲಿ ದೋಣಿಯನ್ನು ಚಿಕ್ಕಪ್ಪನ ಕೈಗೆ ಕೊಟ್ಟು, ಮೊದಲ ಸಲ ವಿಮಾನ ಹತ್ತಿ, ಮಗಳು ನೀರಿಗೆ ಇಳಿಯದ ಹಾಗೆ ನೋಡಿಕೊಳ್ಳುವುದಕ್ಕೆ.

ರಾಸ್ ಅಲ್ ಖೈಮಾ

ವಿಮಾನ ನಿಲ್ದಾಣದಲ್ಲಿ ನಮ್ಮ ಚೀಲವನ್ನು ಬದಿಗೆ ತೆಗೆದಿಟ್ಟರು. ಅಮ್ಮ ಸಫಿಯಾಳಿಗೆಂದು ಒಣಶೆಟ್ಲಿಯನ್ನು ಏಳೆಂಟು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟಿದ್ದಳು. ಒಣಗಿಸಿದ ಸೀಗಡಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಬಿಳಿ ಅಂಗಿಯ ಅಧಿಕಾರಿ ನಂಬಲಿಲ್ಲ. ಒಂದೊಂದೇ ಪದರ ಬಿಚ್ಚಿದ. ಕೊನೆಯ ಪದರ ಬಿಚ್ಚಿದ ಮೇಲೆ ಅವನು ಏನನ್ನೂ ಕೇಳಲಿಲ್ಲ. ಮುಖ ಆಚೆ ತಿರುಗಿಸಿ, ಎರಡು ಬೆರಳಿನಲ್ಲಿ ಪೊಟ್ಟಣ ನೂಕಿ, ಹೋಗಿ ಹೋಗಿ ಎಂದು ಕೈಬೀಸಿದ. "ಒಳ್ಳೆ ಮನ್ಷ" ಎಂದ ಅಪ್ಪ.

ಮರುದಿನ ಅಪ್ಪನಿಗೆ ಅಲ್ಲಿಯ ಮೀನು ಮಾರುಕಟ್ಟೆ ನೋಡಬೇಕಿತ್ತು. ಕಟ್ಟಡದೊಳಗೆ ಎಸಿ. ಬಿಳಿ ಕಲ್ಲಿನ ಕಟ್ಟೆಗಳ ಮೇಲೆ ಮಂಜುಗಡ್ಡೆ, ಅದರ ಮೇಲೆ ಸಾಲಾಗಿ ಮಲಗಿದ ಮೀನು. ಕಾಲಿಗೆ ನೀರು ತಾಗಲಿಲ್ಲ, ಕಿವಿಗೆ ಕೂಗು ತಾಗಲಿಲ್ಲ. ಅಪ್ಪ ಒಂದು ಸುತ್ತು ಹಾಕಿ ಬಂದು ಸಫಿಯಾಳ ಹತ್ತಿರ ತಗ್ಗಿದ ದನಿಯಲ್ಲಿ ಕೇಳಿದ. "ಹೆಂಗಸ್ರು ಎಲ್ಲಿ?"

"ಇಲ್ಲಿ ಗಂಡಸ್ರೇ ಮಾರೋದು ಕಾಕಾ."

ಅಪ್ಪನಿಗೆ ಅದು ಅರಗಲಿಲ್ಲ. ಗಂಡಸರು ಹಿಡಿಯುವುದು ಸರಿ. ಮಾರುವುದಕ್ಕೆ ಅವರಿಗೆ ಏನು ಗೊತ್ತು? ಒಬ್ಬ ಬಂಗಾಳಿಯ ಕಟ್ಟೆಯ ಮುಂದೆ ನಿಂತು ಬಂಗಡೆಯೊಂದರ ಕಿವಿರು ಎತ್ತಿ ನೋಡಿದ. ಬಂಗಾಳಿ ಬೆಲೆ ಹೇಳಿದ. ಅಪ್ಪ ಅರ್ಧ ಹೇಳಿದ. ಬಂಗಾಳಿ ಆತು ಎಂಬಂತೆ ತಲೆಯಾಡಿಸಿ ಚೀಲಕ್ಕೆ ಹಾಕಿಯೇ ಬಿಟ್ಟ. ಅಪ್ಪ ಬೇಸರದಿಂದ ಹೊರಬಂದ. "ಥೋ, ಜಗಳವೇ ಮಾಡ್ಲಿಲ್ಲ ಅಂವ. ನಿಮ್ಮ ಅಮ್ಮ ಇಲ್ಲಿ ಕೂತಿದ್ರೆ ಈ ಕಟ್ಟಡವೇ ಅವಳ್ದಾಗ್ತಿತ್ತು."

ಖಸಬ್‌ನ ದಾರಿ

ಕಾರು ಬಿಟ್ಟವಳು ಸಫಿಯಾ. ಹಿಂದಿನ ಸೀಟಿನಲ್ಲಿ ಕೂತ ಅಪ್ಪ ಮುಂದಿನ ಸೀಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ.

"ಕಾಕಾ, ನಿಮ್ಮ ದೋಣಿಗಿಂತ ಇದು ಕಮ್ಮಿ ಅಲ್ಲಾಡ್ತದೆ. ಕಣ್ಣು ಬಿಡಿ" ಎಂದಳು ಅವಳು ಕನ್ನಡಿಯಲ್ಲಿ ನೋಡಿ.

"ದೋಣಿಗೆ ಎದ್ರು ಲಾರಿ ಬತ್ತಿಲ್ಲ ಮಾರಾಯ್ತಿ."

ಗಡಿ ದಾಟಿದ ಮೇಲೆ ಅಪ್ಪ ಕಣ್ಣು ಬಿಟ್ಟ. ಬಿಟ್ಟ ಕಣ್ಣು ಮುಚ್ಚಲಿಲ್ಲ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಗುಡ್ಡ. ಗುಡ್ಡ ಎಂದರೆ ನಮ್ಮ ಗುಡ್ಡವಲ್ಲ. ಮಣ್ಣಿಲ್ಲ, ಮರವಿಲ್ಲ, ಒಂದು ಹುಲ್ಲುಕಡ್ಡಿಯಿಲ್ಲ. ಬೂದು ಬಣ್ಣದ ಬರೀ ಕಲ್ಲು, ಪದರ ಪದರವಾಗಿ ಆಕಾಶಕ್ಕೆ ಎದ್ದು, ಇಳಿಜಾರೆಂಬುದೇ ಇಲ್ಲದೆ ನೇರವಾಗಿ ಕಡಲಿಗೆ ಇಳಿದಿದೆ. ನಮ್ಮಲ್ಲಿ ಮಳೆಗಾಲ ಕಳೆಯುವುದರೊಳಗೆ ವಿದ್ಯುತ್ ಕಂಬಕ್ಕೂ ಹಸಿರು ಹತ್ತಿರುತ್ತದೆ. ಹಸಿರಿಲ್ಲದ ನೆಲ ಇಷ್ಟು ದೊಡ್ಡದಾಗಿ, ಇಷ್ಟು ಸುಮ್ಮನೆ ನಿಂತಿರಬಹುದೆಂದು ನನಗೆ ಗೊತ್ತಿರಲಿಲ್ಲ. ಭೂಗೋಳ ಓದಿದ್ದೇನೆ, ಮರುಭೂಮಿಯ ಪಾಠ ಬಾಯಿಪಾಠವಿದೆ. ಆದರೂ ಗಾಜು ಇಳಿಸಿ ನೋಡುತ್ತಲೇ ಇದ್ದೆ. ರಸ್ತೆ ಬದಿಯಲ್ಲಿ ನಿಲ್ಲಿಸಿದ್ದ ಒಂದು ಕಾರಿನ ನೆರಳಿನಲ್ಲಿ ಆಡುಗಳು ಒತ್ತೊತ್ತಾಗಿ ಮಲಗಿದ್ದವು.

"ಇವು ಎಂತ ತಿಂತವೆ, ಕಲ್ಲಾ?" ಎಂದ ಅಪ್ಪ.

ಸಫಿಯಾ ಹೇಳಿದಳು, ಬಂದವರು ಎಸೆದ ರೊಟ್ಟಿ, ರಟ್ಟಿನ ಪೆಟ್ಟಿಗೆ ಎಲ್ಲ ತಿನ್ನುತ್ತವೆ ಎಂದು. ಅಪ್ಪ ಹಿಂದೆ ತಿರುಗಿ ಆಡುಗಳನ್ನು ನೋಡಿದ. "ನೆಲ ಏನೂ ಕೊಡ್ಲಿಲ್ಲ ಅಂದ್ರೆ ಇವ್ರೂ ಕಡಲಿಗೇ ಹೋಗ್ಬೇಕು. ಪಾಪ" ಎಂದ. ಅದು ಆಡುಗಳಿಗೆ ಹೇಳಿದ್ದೋ ಅಲ್ಲಿಯ ಜನಕ್ಕೆ ಹೇಳಿದ್ದೋ ನನಗೆ ತಿಳಿಯಲಿಲ್ಲ.

ದೋಣಿ ಹತ್ತಿದ್ದು

ಖಸಬ್‌ನ ಬಂದರಿನಲ್ಲಿ ನಮಗೆ ಕಾದಿದ್ದದ್ದು ಮರದ ದೊಡ್ಡ ದೋಣಿ. ಒಳಗೆ ಕೆಂಪು ಜಮಖಾನೆ, ಗೋಡೆಗೊರಗಿಸಿದ ದಿಂಬು. ಮದುವೆಮನೆಯ ಚಪ್ಪರದ ಹಾಗಿತ್ತು. ಹತ್ತುವಾಗ ಯಾರೂ ಹೇಳುವ ಮೊದಲೇ ಅಪ್ಪ ಚಪ್ಪಲಿ ಬಿಟ್ಟ. ನಮ್ಮಲ್ಲಿ ಚಪ್ಪಲಿ ಮೆಟ್ಟಿ ದೋಣಿಗೆ ಕಾಲಿಡುವುದಿಲ್ಲ. ನೋಡಿದರೆ ಅಲ್ಲಿಯೂ ಬಾಗಿಲಲ್ಲೇ ಚಪ್ಪಲಿಗೆಂದು ಒಂದು ಬುಟ್ಟಿ ಇಟ್ಟಿದ್ದರು. ಅಪ್ಪನ ಮುಖ ಮೊದಲ ಸಲ ಸಡಿಲವಾಯಿತು. ದೋಣಿಯ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ತಿರುಗಿ, ನಾನು ಹತ್ತುವುದನ್ನು ನೋಡಿದ. ಬಲಗಾಲಿಟ್ಟು ಹತ್ತಿದೆ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಪದವಿ ಪ್ರಮಾಣಪತ್ರ ತೆಗೆದುಕೊಳ್ಳುವ ದಿನವೂ ಅಷ್ಟು ಹೊಡೆದುಕೊಂಡಿರಲಿಲ್ಲ.

ದೋಣಿ ನಡೆಸುವವನು ಅಬ್ದುಲ್ಲಾ. ಅಪ್ಪನದೇ ವಯಸ್ಸು, ಬಿಳಿ ನಿಲುವಂಗಿ, ಕಸೂತಿ ಟೋಪಿ. ಅಪ್ಪ ಅವನನ್ನು ನಮ್ಮ ಕಡೆಯ ಮಾತಿನಲ್ಲಿ ತಾಂಡೇಲ ಎಂದು ಕರೆದ. ಅಬ್ದುಲ್ಲಾನಿಗೆ ಹಿಂದಿ ಬರುತ್ತಿತ್ತು. ಅಪ್ಪನಿಗೆ ರತ್ನಾಗಿರಿಯ ದೋಣಿಗಳಲ್ಲಿ ದುಡಿಯುವಾಗ ಕಲಿತ ಹಿಂದಿ. ಎರಡೂ ಕುಂಟು ಹಿಂದಿಗಳು ಕೈ ಕೈ ಹಿಡಿದುಕೊಂಡು ಚೆನ್ನಾಗಿಯೇ ನಡೆದವು. ಈ ಹಲಗೆ ಹಿಂದೂಸ್ತಾನದಿಂದ ಬಂದ ಸಾಗುವಾನಿ ಎಂದ ಅಬ್ದುಲ್ಲಾ. "ಕೇಳ್ದ್ಯಾ ತಂಗಿ, ಮರ ನಮ್ದು, ದಿಂಬು ಇವ್ರದ್ದು" ಎಂದ ಅಪ್ಪ.

ನಮ್ಮ ಜೊತೆ ಇದ್ದವರು ಒಂದು ಜರ್ಮನ್ ದಂಪತಿ ಮಾತ್ರ. ಗಂಡ ಹೆಂಡತಿಯ ಬೆನ್ನಿಗೂ ಹೆಂಡತಿ ಗಂಡನ ಬೆನ್ನಿಗೂ ಬಿಳಿ ಮುಲಾಮು ಹಚ್ಚಿ, ಕಡಲಿಗೆ ಬೆನ್ನು ಹಾಕಿ ಕೂತು ದಪ್ಪ ದಪ್ಪ ಪುಸ್ತಕ ಓದತೊಡಗಿದರು. "ನೋಡು, ನಾ ನಿಂಗೆ ಹೇಳಿದ್ದನ್ನ ಇವ್ರು ಹೆಂಗೆ ಮಾಡ್ತ್ರು" ಎಂದ ಅಪ್ಪ. ಸಫಿಯಾ ನಕ್ಕು ದಿಂಬಿನ ಮೇಲೆ ಬಿದ್ದಳು.

ನಾನು ನೀರಿಗೆ ಇಳಿಯಬೇಕು ಎಂದು ಅಬ್ದುಲ್ಲಾನಿಗೆ ಹೇಳಿದೆ. ಅಪ್ಪ ಬೇಡ ಎಂದು ಹೇಳಿದ. ಅಬ್ದುಲ್ಲಾ ಇಬ್ಬರ ಮುಖವನ್ನೂ ನೋಡಿ, ಅದು ಅಲ್ಲಾಹನಿಗೂ ಡಾಲ್ಫಿನ್ನಿಗೂ ಬಿಟ್ಟದ್ದು ಎಂದ. ಅವುಗಳ ಮೇಲೆ ಹಾರುವ ಹಾಗಿಲ್ಲ, ಬೆನ್ನಟ್ಟುವ ಹಾಗಿಲ್ಲ. ಸುಮ್ಮನೆ ಹಗ್ಗ ಹಿಡಿದು ತೇಲಬೇಕು. ಬರುವುದಾದರೆ ಅವೇ ಬರುತ್ತವೆ.

ಮೊದಲ ನಿಲುಗಡೆ

ದೋಣಿ ಕಲ್ಲುಗುಡ್ಡಗಳ ನಡುವೆ ಒಳಗೆ ಒಳಗೆ ಹೋಯಿತು. ಕಡಲು ಅಲ್ಲಿ ಹೊಳೆಯಂತೆ ಕಿರಿದಾಗುತ್ತದೆ, ಅಲೆ ಸಾಯುತ್ತದೆ. ಇಷ್ಟು ದೊಡ್ಡ ಕಲ್ಲು, ಇಷ್ಟು ನಿಂತ ನೀರು, ಅದರಲ್ಲಿ ಗುಡ್ಡ ತಲೆಕೆಳಗಾಗಿ ನಿಂತಿರುವುದು. ಎಂಜಿನ್ನಿನ ಶಬ್ದವೂ ಅಲ್ಲಿ ಸಣ್ಣದಾಗಿ ಕೇಳುತ್ತದೆ. ಒಂದು ಕಡೆ ಗುಡ್ಡದ ಬುಡದಲ್ಲಿ ನಾಲ್ಕಾರು ಮನೆ. ಅವರಿಗೆ ರಸ್ತೆಯಿಲ್ಲ, ಕುಡಿಯುವ ನೀರೂ ದೋಣಿಯಲ್ಲೇ ಬರುತ್ತದಂತೆ.

ಅಬ್ದುಲ್ಲಾ ಎಂಜಿನ್ ನಿಧಾನ ಮಾಡಿ ಬಾಯಿಗೆ ಬೆರಳಿಟ್ಟು ಸಿಳ್ಳೆ ಹಾಕಿದ. ಆಮೇಲೆ ಚಪ್ಪಾಳೆ. ನೀವೂ ತಟ್ಟಿ ಎಂದ. ಜರ್ಮನ್ನರು ಪುಸ್ತಕ ಮಡಿಸಿಟ್ಟು ತಟ್ಟಿದರು, ಸಫಿಯಾ ತಟ್ಟಿದಳು, ನಾನೂ ತಟ್ಟಿದೆ.

"ಇವ್ರಿಗೆ ಮರುಳಾ?" ಎಂದ ಅಪ್ಪ. "ಕರೀತ್ರಲೇ ಅದ್ನ."

ಬಂದವು. ಮೊದಲು ಒಂದು ಬೂದು ಬೆನ್ನು, ಅದರ ಮೇಲೊಂದು ಗೂನು, ಗೂನಿನ ತುದಿಗೆ ಸಣ್ಣ ರೆಕ್ಕೆ. ಆಮೇಲೆ ಇನ್ನೊಂದು, ಮತ್ತೊಂದು. ಪುಫ್ ಎಂದು ಉಸಿರು ಬಿಟ್ಟಾಗ ನನ್ನ ಕೈಮೇಲೆ ತುಂತುರು ಬಿತ್ತು. ಅಪ್ಪ ಬಗ್ಗಿ ನೋಡಿದವನು ನೆಟ್ಟಗಾದ.

"ಇದು ನಮ್ದೇ. ಗೂನು ನೋಡು. ನಮ್ಮಲ್ಲಿ ಬಲೆ ಹರಿಯೂದೂ ಇದೇ."

ನಿಜ. ನಮ್ಮ ದಂಡೆಯಲ್ಲಿ ಕಾಣುವ ಜಾತಿಯೇ ಅದು. ಅದೇ ಕಡಲಿನ ಇನ್ನೊಂದು ತುದಿಗೆ ಬಂದು ಅದೇ ಕಳ್ಳನ ಮುಖ ನೋಡಿದಂತಾಯಿತು ಅವನಿಗೆ. ನನಗೆ ಮಾತ್ರ ಇನ್ನು ತಡೆಯಲಾಗಲಿಲ್ಲ. ಜಾಕೆಟ್ ಕಟ್ಟಿಕೊಂಡೆ. ಸಫಿಯಾ ಮುಖಕ್ಕೆ ಗಾಜಿನ ಮುಖವಾಡ ಬಿಗಿದಳು. ಅಪ್ಪ ನನ್ನ ಮುಂಗೈ ಹಿಡಿದ.

"ತಂಗಿ, ಬೇಡ."

"ಅಪ್ಪ, ನೀ ಹೇಳಿದ್ದೆಲ್ಲ ಮಾಡಿದ್ದೆ ನಾನು. ಓದು ಅಂದೆ, ಓದ್ದೆ. ಇದೊಂದು ಬಿಡು."

ಅವನು ಬಿಟ್ಟನೋ ನಾನು ಬಿಡಿಸಿಕೊಂಡೆನೋ ಈಗ ಹೇಳಲಾರೆ. ಏಣಿ ಇಳಿದೆ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಕಾಲಿನ ಕೆಳಗೆ ಏನೂ ಇಲ್ಲ ಎಂದು ಗೊತ್ತಾದ ಕ್ಷಣದಲ್ಲಿ ಕೂಗಿಕೊಳ್ಳಬೇಕೆನಿಸಿತು. ಕೂಗಿದರೆ ಅಪ್ಪ ಎಳೆದು ಹಾಕುತ್ತಾನೆ ಎಂದು ಕೂಗಲಿಲ್ಲ. ಹಗ್ಗ ಹಿಡಿದು ಮುಖ ನೀರಿಗಿಟ್ಟೆ.

ಹಸಿರು. ಹಸಿರಿನೊಳಗೆ ಬಿಸಿಲಿನ ಉದ್ದುದ್ದ ಎಳೆಗಳು, ತಳವಿಲ್ಲದ ಕಡೆಗೆ ಇಳಿದು ಹೋಗುತ್ತ. ನನ್ನ ಉಸಿರು ಕೊಳವೆಯಲ್ಲಿ ಬೇರೆ ಯಾರದೋ ಉಸಿರಿನ ಹಾಗೆ ಕೇಳುತ್ತಿತ್ತು. ಆ ಹಸಿರಿನ ಆಚೆ ಅಂಚಿನಲ್ಲಿ ಒಂದು ನೆರಳು ಮೂಡಿತು. ನೆರಳಿಗೆ ಮೂತಿ ಬಂತು, ಹೊಟ್ಟೆಯ ಬಿಳುಪು ಬಂತು. ನನ್ನ ಕಡೆಗೇ ತಿರುಗಿತು.

ಆಗ ಏನೋ ಬಿತ್ತು. ಶಬ್ದ ಎಂದು ಹೇಳಲಾರೆ. ಕಿವಿಗಿಂತ ಮೊದಲು ಹಲ್ಲಿಗೆ, ಎದೆಯ ಎಲುಬಿಗೆ ಬಿದ್ದ ಏಟು. ಎಲ್ಲ ಕಡೆಯಿಂದ ಒಟ್ಟಿಗೇ ಬಂತು. ಚುರುಕಾಗಿ ಎರಡು, ತಡೆದು ಒಂದು. ತಲೆ ಎತ್ತಿ ನೋಡಿದರೆ ಅಪ್ಪ ಏಣಿಯ ಕೆಳಗಿನ ಮೆಟ್ಟಿಲಿನಲ್ಲಿ ಬಗ್ಗಿ ನಿಂತು, ದೋಣಿಯ ಕೊಕ್ಕೆಗೋಲಿನಿಂದ ನೀರಿನಂಚಿನ ಹಲಗೆಯನ್ನು ಬಡಿಯುತ್ತಿದ್ದ. ಮೈಯೆಲ್ಲ ಬಲ ಹಾಕಿ ಬಡಿಯುತ್ತಿದ್ದ. ಮತ್ತೆ ಮುಖ ಇಟ್ಟೆ. ಹಸಿರು ಖಾಲಿ.

ನಾನು ಮೇಲೆ ಬಂದೆ. ಜರ್ಮನ್ ಹೆಂಗಸು ದೂರದ ನೀರನ್ನೇ ನೋಡುತ್ತ ನಿಂತಿದ್ದಳು. ಅಬ್ದುಲ್ಲಾ ಸಿಳ್ಳೆ ಹಾಕಿದ, ಚಪ್ಪಾಳೆ ತಟ್ಟಿದ. ಬರಲಿಲ್ಲ. ಗುಡ್ಡಗಳು ಅವನ ಚಪ್ಪಾಳೆಯನ್ನು ಅವನಿಗೇ ಹಿಂದಕ್ಕೆ ಕೊಟ್ಟವು. ಅಪ್ಪ ಕೋಲನ್ನು ಇದ್ದಲ್ಲೇ ಇಟ್ಟು ಮೂಲೆಯಲ್ಲಿ ಕೂತ.

"ಎಂತಕ್ಕೆ ಬಡ್ದೆ?" ಎಂದೆ.

"ನಿನ್ನ ಮೇಲೇ ಬತ್ತಿತ್ತಲೇ ಅದು."

"ಬರ್ಲಿ ಅಂತಲೇ ನಾ ಇಳಿದಿದ್ದು."

"ಕೈ ಬಡೀತು ತಂಗಿ" ಎಂದ ಅಪ್ಪ. "ನಾ ಬಡೀಲಿಲ್ಲ. ಕೈ ಬಡೀತು."

ನಾನು ಅವನಿಗೆ ಬೆನ್ನು ಹಾಕಿ ಕೂತೆ. ಅಷ್ಟು ದೂರ ಬಂದು, ಅಷ್ಟು ಹತ್ತಿರ ಬಂದದ್ದನ್ನು ಕಳೆದುಕೊಂಡ ಸಿಟ್ಟು. ಸಫಿಯಾ ಇಬ್ಬರ ನಡುವೆ ಕಿತ್ತಳೆ ಸುಲಿದಿಟ್ಟಳು. ಇಬ್ಬರೂ ಮುಟ್ಟಲಿಲ್ಲ. "ಆತು, ಎರಡೂ ನಾನೇ ತಿಂತೆ" ಎಂದು ನಮ್ಮ ಮಾತಿನಲ್ಲೇ ಹೇಳಿ ತಿಂದಳು.

ತಂತಿಯ ದ್ವೀಪ

ಮುಂದೆ ದೋಣಿ ನಿಂತದ್ದು ಒಂದು ಪುಟ್ಟ ದ್ವೀಪದ ಹತ್ತಿರ. ಇಂಗ್ಲಿಷರ ಕಾಲದಲ್ಲಿ ಅಲ್ಲೊಂದು ತಂತಿ ಕಚೇರಿ ಇತ್ತಂತೆ. ಈಗ ಮುರಿದ ಕಲ್ಲುಗೋಡೆ ಮಾತ್ರ. ನೀರು ಅಲ್ಲಿ ಕಡಿಮೆ ಆಳ. ಲಂಗರು ಹಾಕಿದ ಮೇಲೆ ನಾನು ಯಾರನ್ನೂ ಕೇಳದೆ ಇಳಿದೆ. ಅಪ್ಪನೂ ತಡೆಯಲಿಲ್ಲ.

ಇಲ್ಲಿ ತಳ ಕಾಣುತ್ತಿತ್ತು. ತಳ ಎಂದರೆ ಮರಳಲ್ಲ, ಹವಳದ ಬೆಟ್ಟಗಳು. ಎಲೆಕೋಸಿನಂತೆ ಅರಳಿದ್ದು, ಜಿಂಕೆಯ ಕೊಂಬಿನಂತೆ ಕವಲೊಡೆದದ್ದು. ನೀರಿನ ಮೇಲೆ ಒಂದು ಹುಲ್ಲಿಲ್ಲದ ಗುಡ್ಡ. ಅದೇ ಗುಡ್ಡ ನೀರೊಳಗೆ ಇಳಿದ ಮೇಲೆ ತೋಟವಾಗಿತ್ತು. ಹಳದಿ ಮೀನುಗಳು ಜೋಡಿ ಜೋಡಿಯಾಗಿ, ಒಂದನ್ನು ಬಿಟ್ಟು ಇನ್ನೊಂದು ಹೋಗದೆ. ಮೈಮೇಲೆ ಕಪ್ಪು ಪಟ್ಟೆ ಎಳೆದುಕೊಂಡವು ನೂರಾರು, ನನ್ನ ಬೆರಳಿನ ಸುತ್ತ. ಗಿಳಿಯ ಬಣ್ಣದ ದೊಡ್ಡದೊಂದು ಮೀನು ಹವಳವನ್ನು ಕಟಕಟ ಕಡಿಯುವುದು ಕೇಳುತ್ತಿತ್ತು. ಇಡೀ ಕಡಲಿನಡಿ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು. ನಾನು ಹುಟ್ಟಿದಾಗಿನಿಂದ ಸಾವಿರಾರು ಮೀನು ಮುಟ್ಟಿದ್ದೇನೆ. ಎಲ್ಲವೂ ಮಲಗಿದ್ದವು. ಮೀನು ತಿರುಗಿ ನನ್ನನ್ನು ನೋಡುತ್ತದೆ, ಅದಕ್ಕೊಂದು ಮನೆ ಇರುತ್ತದೆ, ನಾನು ಹತ್ತಿರ ಹೋದರೆ ಒಳಗೆ ಹೋಗಿ ಬಾಗಿಲಲ್ಲಿ ಇಣುಕುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಪ್ಪನಿಗೂ ಯಾರೂ ಹೇಳಿರಲಿಕ್ಕಿಲ್ಲ.

ಸಿಟ್ಟು ಎಲ್ಲಿ ಹೋಯಿತೋ. ತಲೆ ಎತ್ತಿ ಕರೆದೆ.

"ಅಪ್ಪ, ಇಲ್ಲಿ ಬಾ."

ಅವನು ಏಣಿಯ ಕೊನೆಯ ಮೆಟ್ಟಿಲಿಗೆ ಬಂದು ಕುಕ್ಕರಗಾಲಿನಲ್ಲಿ ಕೂತ.

"ನೀ ಬಡ್ದದ್ದು ಕೆಳಗೆ ಹೆಂಗೆ ಕೇಳ್ತದೆ ಗೊತ್ತಾ?"

"ಹೆಂಗೆ ಕೇಳ್ತದೆ?"

ಹೇಳಲು ನೋಡಿದೆ. ಆಗಲಿಲ್ಲ. ನನ್ನ ಮುಖವಾಡ ತೆಗೆದು ಅವನ ಕೈಗೆ ಕೊಟ್ಟೆ. ಅವನು ಅದನ್ನು ತಿರುಗಿಸಿ ನೋಡಿ, ಹಾಕಿಕೊಂಡು, ಎರಡೂ ಕೈಯಿಂದ ಏಣಿ ಹಿಡಿದು, ಮುಖವನ್ನು ಕಿವಿಯವರೆಗೂ ನೀರಿಗಿಟ್ಟ. ನಾನು ಮುಷ್ಟಿಯಿಂದ ಹಲಗೆ ಬಡಿದೆ. ಮೆಲ್ಲಗೆ, ಅವನು ಬಡಿದದ್ದರ ಕಾಲುಭಾಗವೂ ಇಲ್ಲ. ಆದರೂ ಅವನ ಹೆಗಲು ಒಮ್ಮೆ ಅದುರಿತು.

ಮುಖ ಎತ್ತಲಿಲ್ಲ. ಉಸಿರು ಮುಗಿಯುವವರೆಗೂ ಹಾಗೇ ಇದ್ದ. ಎತ್ತಿದಾಗ ಮೀಸೆಯಿಂದ ನೀರು ಇಳಿಯುತ್ತಿತ್ತು.

"ಅಷ್ಟೂ ಮೀನು ಒಂದೇ ಸಲ ಹೋತು" ಎಂದ.

"ಹೌದು."

"ಎಲ್ಲಿಗೆ ಹೋತು ಅಂತ ಕಾಣ್ಲೇ ಇಲ್ಲ." ಮೀಸೆ ಒರೆಸಿಕೊಂಡು, "ಇಷ್ಟು ಜೋರಾ ತಂಗಿ ಅದು? ನಾ ಮೇಲಿಂದ ಟಕ್ ಟಕ್ ಅಂತ ತಿಳ್ಕಂಡಿದ್ದೆ" ಎಂದ. ಮತ್ತೆ ಮುಖ ನೀರಿಗಿಟ್ಟ. ಪಟ್ಟೆ ಮೀನುಗಳು ಒಂದೊಂದಾಗಿ ಹಿಂತಿರುಗುತ್ತಿದ್ದಿರಬೇಕು, ಯಾಕೆಂದರೆ ಬಹಳ ಹೊತ್ತು ಅವನು ಅಲುಗಾಡಲಿಲ್ಲ.

ಅಷ್ಟರಲ್ಲಿ ಮೇಲಿನಿಂದ ಸಫಿಯಾ ಪಿಸುದನಿಯಲ್ಲಿ ನನ್ನ ಹೆಸರು ಹಿಡಿದು ಕರೆದಳು. ಅಬ್ದುಲ್ಲಾ ದ್ವೀಪದ ತುದಿಗೆ ಕೈತೋರಿಸುತ್ತಿದ್ದ. ಯಾರೂ ಸಿಳ್ಳೆ ಹಾಕಿರಲಿಲ್ಲ. ಎರಡು ಗೂನು ಬೆನ್ನುಗಳು, ಒಂದು ದೊಡ್ಡದು, ಒಂದು ತೀರ ಸಣ್ಣದು, ಆತುರವೇ ಇಲ್ಲದೆ ಈ ಕಡೆಗೆ ಬರುತ್ತಿದ್ದವು. ನಾನು ಅಪ್ಪನನ್ನು ನೋಡಿದೆ. ಅವನು ಮುಖವಾಡ ತೆಗೆದು, ನೀರಿನಲ್ಲಿ ಅದ್ದಿ ತೊಳೆದು, ನನ್ನ ಕೈಗಿಟ್ಟ.

"ಹೋಗು. ಹಗ್ಗ ನಾ ಹಿಡೀತೆ."

ಹೋದೆ. ಅವನು ಬಿಟ್ಟಷ್ಟು ಹಗ್ಗದ ದೂರಕ್ಕೆ ಹೋದೆ. ಮೊದಲು ಕಂಡದ್ದಲ್ಲ, ಕೇಳಿಸಿದ್ದು. ಹಳೆಯ ಬಾಗಿಲು ಕಿರುಗುಟ್ಟಿದಂತೆ, ಆಮೇಲೆ ಆ ಕಿರುಗು ಬಿಗಿಯಾಗಿ, ಒಂದಕ್ಕೊಂದು ಅಂಟಿ, ಜೇನಿನ ಝೇಂಕಾರದಂತೆ ನನ್ನ ಎದೆಯ ಗೂಡಿನಲ್ಲಿ ಕಂಪಿಸತೊಡಗಿತು. ಅದು ನನ್ನನ್ನು ಶಬ್ದದಿಂದ ತಡವಿ ನೋಡುತ್ತಿತ್ತು. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದ ಆ ಒಂದು ಸಾಲು ನನ್ನ ಎಲುಬಿನ ಮೇಲೆ ಓಡಾಡುತ್ತಿತ್ತು. ಆಮೇಲೆ ಅದು ಬಂತು. ಒಂದು ಆಳುದ್ದದ ಆಚೆ, ನನ್ನ ಇಡೀ ಉದ್ದಕ್ಕಿಂತ ಉದ್ದವಾಗಿ, ಹಳೆಯ ಪಾತ್ರೆಯ ಬಣ್ಣದ ಮೈ, ಮೈಮೇಲೆ ಗೀರುಗಳು. ಬಲೆಯ ಗೀರೋ, ಹಲ್ಲಿನ ಗೀರೋ. ಅದರ ಹೊಟ್ಟೆಯ ಮರೆಯಲ್ಲಿ ಮರಿ. ತಾಯಿ ಒಂದು ಮಗ್ಗುಲಿಗೆ ವಾಲಿ ನನ್ನನ್ನು ನೋಡಿತು. ಸಣ್ಣ ಕಣ್ಣು, ಕಪ್ಪು, ಸುತ್ತ ಸುಕ್ಕು. ನನ್ನ ಕೈಕಾಲು ಇದ್ದದ್ದೇ ಮರೆತುಹೋಯಿತು. ಯಾರದೋ ಮನೆಯ ಅಂಗಳದಲ್ಲಿ ನಿಂತಿದ್ದೇನೆ, ಅವರು ಬಾಗಿಲು ತೆಗೆದು ನನ್ನನ್ನು ನೋಡಿದ್ದಾರೆ, ಹೋಗು ಎಂದಿಲ್ಲ. ಅಷ್ಟೇ.

ಮರಿ ಉಸಿರಿಗೆ ಮೇಲೆ ಹೋಗಿ ಬಂತು. ಆಮೇಲೆ ಎರಡೂ ಹಸಿರಿನೊಳಗೆ ಕರಗಿದವು.

ಅಪ್ಪ ಹಗ್ಗ ಎಳೆದುಕೊಂಡ. ಏಣಿಯಲ್ಲಿ ಕೂತು ನಾನು ಅಳುತ್ತಿದ್ದೆ, ಉಪ್ಪುನೀರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದೇನೆ. ಅವನು ಹೇಗಿತ್ತು ಎಂದು ಕೇಳಲಿಲ್ಲ.

"ಅದು ನಿನ್ನ ನೋಡ್ತಾ?"

"ನೋಡ್ತು."

"ಎಂತ ಮಾಡ್ತು?"

"ಎಂತದೂ ಇಲ್ಲ ಅಪ್ಪ. ನೋಡ್ತು, ಮರಿ ಕರ್ಕಂಡು ಹೋತು."

ಅಪ್ಪ ಎದ್ದು ಅಂಗಿ ಬಿಚ್ಚಿ ಮಡಿಸಿ, ದಿಂಬಿನ ಮೇಲಿಟ್ಟ. ಸಫಿಯಾ ಜಾಕೆಟ್ ಹಿಡಿದುಕೊಂಡು ಓಡಿಬಂದಳು. ಬೇಡ ಎಂದು ಕೈಯಾಡಿಸಿದ. ಮುಖವಾಡ ಬಿಗಿದುಕೊಂಡು, ಕೊಳವೆ ಕಚ್ಚಿಕೊಂಡು, ಸದ್ದೇ ಆಗದಂತೆ ನೀರಿಗಿಳಿದ. ಬೆನ್ನು ಮೇಲೆ, ಮುಖ ಕೆಳಗೆ. ಬಿಳಿ ಕೂದಲು ನೀರಿನಲ್ಲಿ ಅರಳಿತು. ದ್ವೀಪದ ಗೋಡೆಗುಂಟ ನಿಧಾನವಾಗಿ ದೂರ ದೂರ ಹೋದ. ನಾನು ಕಟಕಟೆ ಹಿಡಿದು ನಿಂತೆ. ಹುಟ್ಟಿದಾಗಿನಿಂದ ಕಡಲಿಗೆ ಹೋಗಿ ಬಂದ ಮನುಷ್ಯ, ಅವನಿಗೆ ಏನಾದೀತು ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಯಿತು.

ಮೇಲೆ ಅಬ್ದುಲ್ಲಾ ಜಮಖಾನೆಯ ಮೇಲೆ ಅನ್ನ, ಹುರಿದ ಮೀನು, ಸೌತೆಕಾಯಿ ಇಟ್ಟು ಎಲ್ಲರನ್ನೂ ಕರೆದ. ಎಲ್ಲರೂ ಕೂತರು. ಅಪ್ಪ ಬರಲಿಲ್ಲ. ಅನ್ನ ಆರುತ್ತಿತ್ತು.

"ಅಪ್ಪ, ಊಟ ತಯಾರಾತು, ಬಾ" ಎಂದು ಕೂಗಿದೆ.

ಕೊಳವೆ ಪಕ್ಕಕ್ಕೆ ಸರಿಯಿತು. ದೂರದಿಂದ ಅವನ ದನಿ ನೀರಿನ ಮೇಲೆ ಹಾಯ್ದು ಬಂತು.

"ನೀವೆಲ್ಲ ಉಂಡ್ಕಳಿ. ನಾ ಆಮೇಲೆ ಬತ್ತೆ."

ಮತ್ತೆ ಮುಖ ನೀರಿಗಿಟ್ಟ.